ಸೆಟ್‌ನಲ್ಲಿ ಇರುವುದು ಕಣ್ಣಿಗೆ ಕಾಣುತ್ತದೆ, ಕೇಳಿದರೆ ‘ಇಲ್ಲ’ ಎನ್ನುತ್ತದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕನ್ನಡ ಪದಗಳ ಕಾಗುಣಿತವನ್ನು ಪರೀಕ್ಷಿಸುವ ಒಂದು ಪ್ರೋಗ್ರಾಂ ಅನ್ನು ಜಾವಾದಲ್ಲಿ ಬರೆಯುತ್ತಿದ್ದೇನೆ. ಸುಮಾರು 2,00,000 ಪದಗಳನ್ನು ಹ್ಯಾಶ್‌ಸೆಟ್‌ನಲ್ಲಿ (ಒಂದು ವಸ್ತುವನ್ನು ಒಂದೇ ಬಾರಿ ಇರಿಸಿಕೊಂಡು, ಅದು ಇದೆಯೆ ಎಂಬುದನ್ನು ಬೇಗ ಹೇಳುವ ಸಂಗ್ರಹದಲ್ಲಿ) ಇರಿಸಬೇಕು. ಅದನ್ನು ಕಟ್ಟುವಾಗ ಕನ್‌ಸ್ಟ್ರಕ್ಟರ್‌ಗೆ 2,00,000 ಎಂಬ ಸಂಖ್ಯೆಯನ್ನೇ ಕೊಟ್ಟಿದ್ದೇನೆ. ಇದು ಸರಿಯೆ? ಏನೂ ಕೊಡದಿದ್ದರೆ ಏನಾಗುತ್ತದೆ? ಇನ್ನೊಂದು ಆತಂಕವೂ ಇದೆ: ಎರಡು ಬೇರೆ ಬೇರೆ ಪದಗಳಿಗೆ ಒಂದೇ ಹ್ಯಾಶ್ ಸಂಖ್ಯೆ (ಪದದ ಅಕ್ಷರಗಳಿಂದ ಲೆಕ್ಕ ಹಾಕುವ ಸಂಖ್ಯೆ) ಬಂದರೆ ಅವುಗಳಲ್ಲಿ ಒಂದು ಪದ ಕಳೆದುಹೋಗುವುದಿಲ್ಲವೆ?

ಉತ್ತರ: ಕೊನೆಯ ಆತಂಕವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿದರೆ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆಯೇ. ಪದ ಕಳೆದುಹೋಗುವುದಿಲ್ಲ. ಹೀಗೆ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ನಿಮ್ಮದೇ ಪದಪಟ್ಟಿಯಲ್ಲಿ ಖಂಡಿತ ಇರಬಹುದಾದ ಎರಡು ಪದಗಳನ್ನು ಲೆಕ್ಕ ಹಾಕಿ ತೋರಿಸುವುದು ಮೇಲು.

‘ಭೇದ’ ಮತ್ತು ‘ಮನದ’ ಎಂಬ ಪದಗಳನ್ನು ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ‘ಭೇದ’ ಎಂಬುದು ಭ, ಏತ್ವದ ಚಿಹ್ನೆ, ದ ಎಂಬ ಮೂರು ಸಂಕೇತಗಳು. ಅವುಗಳ ಸಂಖ್ಯೆಗಳು ಕ್ರಮವಾಗಿ 3245, 3271, 3238. ‘ಮನದ’ ಕೂಡ ಮೂರೇ ಸಂಕೇತಗಳು: 3246, 3240, 3238. ಜಾವಾದಲ್ಲಿ ಸ್ಟ್ರಿಂಗ್‌ನ, ಅಂದರೆ ಅಕ್ಷರಗಳ ಸರಣಿಯ, ಹ್ಯಾಶ್‌ಕೋಡ್ ಲೆಕ್ಕ ಹಾಕುವ ನಿಯಮ ಸರಳವಾದದ್ದು. ಅಲ್ಲಿಯವರೆಗಿನ ಮೊತ್ತವನ್ನು 31ರಿಂದ ಗುಣಿಸಿ ಮುಂದಿನ ಸಂಕೇತವನ್ನು ಕೂಡಿಸುತ್ತ ಹೋಗುವುದು, ಅಷ್ಟೇ. ಮೊದಲ ಪದದಲ್ಲಿ 3245ನ್ನು 31ರಿಂದ ಗುಣಿಸಿ 3271 ಕೂಡಿಸಿದರೆ 1,03,866 ಬರುತ್ತದೆ. ಎರಡನೆಯ ಪದದಲ್ಲಿ 3246ನ್ನು 31ರಿಂದ ಗುಣಿಸಿ 3240 ಕೂಡಿಸಿದರೂ 1,03,866 ಬರುತ್ತದೆ. ಮೊದಲ ಅಕ್ಷರದಲ್ಲಿ ಒಂದು ಹೆಚ್ಚಿದ್ದು ಎರಡನೆಯದರಲ್ಲಿ 31 ಕಡಿಮೆಯಾದ್ದರಿಂದ ಎರಡೂ ಸರಿಹೋದವು. ಇಲ್ಲಿಂದ ಮುಂದೆ ಎರಡಕ್ಕೂ ‘ದ’ ಒಂದೇ ಆದ್ದರಿಂದ ಅಂತಿಮ ಹ್ಯಾಶ್‌ಕೋಡ್ ಎರಡಕ್ಕೂ 32,23,084. ಅರ್ಥದಲ್ಲಿ ಯಾವ ಸಂಬಂಧವೂ ಇಲ್ಲದ ಎರಡು ಪದಗಳಿಗೆ ಒಂದೇ ಸಂಖ್ಯೆ.

ಈಗ ಸೆಟ್‌ನ ಒಳಗೆ ನಡೆಯುವುದನ್ನು ನೋಡೋಣ. ಜಾವಾದ ಹ್ಯಾಶ್‌ಸೆಟ್ ಒಳಗಿನಿಂದ ಒಂದು ಹ್ಯಾಶ್‌ಮ್ಯಾಪ್; ಹ್ಯಾಶ್‌ಮ್ಯಾಪ್‌ನ ಹೃದಯಭಾಗದಲ್ಲಿ ಬಕೆಟ್‌ಗಳ, ಅಂದರೆ ಪದಗಳನ್ನು ಹಂಚಿ ಇರಿಸುವ ಗೂಡುಗಳ, ಒಂದು ಅರೇ (ಸಂಖ್ಯೆ ಹಾಕಿದ ಸಾಲು) ಇರುತ್ತದೆ. ಹ್ಯಾಶ್‌ಕೋಡ್‌ನ ಮೇಲಿನ 16 ಬಿಟ್‌ಗಳನ್ನು ಕೆಳಗಿನ 16 ಬಿಟ್‌ಗಳೊಂದಿಗೆ ಬೆರೆಸಿ, ಬಂದ ಸಂಖ್ಯೆಯ ಕೊನೆಯ ಕೆಲವು ಬಿಟ್‌ಗಳನ್ನು ಮಾತ್ರ ಬಕೆಟ್‌ನ ಸಂಖ್ಯೆಯಾಗಿ ಬಳಸಲಾಗುತ್ತದೆ. 16 ಬಕೆಟ್‌ಗಳಿದ್ದರೆ ನಮ್ಮ ಎರಡೂ ಪದಗಳು ಬೀಳುವುದು 13ನೆಯ ಬಕೆಟ್‌ಗೆ (ಎಣಿಕೆ ಸೊನ್ನೆಯಿಂದ). ಅಲ್ಲಿ ಅವು ಒಂದರ ಹಿಂದೆ ಒಂದು ಸರಪಳಿಯಂತೆ ನಿಲ್ಲುತ್ತವೆ. ‘ಮನದ ಇದೆಯೆ?’ ಎಂದು ಕೇಳಿದಾಗ ಸೆಟ್ 13ನೆಯ ಬಕೆಟ್‌ಗೆ ಹೋಗಿ, ಸರಪಳಿಯಲ್ಲಿರುವ ಒಂದೊಂದನ್ನೂ ಮೊದಲು ಹ್ಯಾಶ್ ಸಂಖ್ಯೆಯಿಂದ, ಅದು ಹೊಂದಿದರೆ ‘ಈಕ್ವಲ್ಸ್’ ಮೆಥಡ್‌ನಿಂದ ಹೋಲಿಸುತ್ತದೆ. ‘ಭೇದ’ದೊಂದಿಗೆ ಹ್ಯಾಶ್ ಹೊಂದುತ್ತದೆ, ಈಕ್ವಲ್ಸ್ ಹೊಂದುವುದಿಲ್ಲ, ಆದ್ದರಿಂದ ಮುಂದಿನದಕ್ಕೆ ಹೋಗುತ್ತದೆ. ಹ್ಯಾಶ್ ಹೇಳುವುದು ಎಲ್ಲಿ ಹುಡುಕಬೇಕು ಎಂಬುದನ್ನು ಮಾತ್ರ, ಎರಡು ವಸ್ತುಗಳು ಒಂದೇ ಹೌದೋ ಅಲ್ಲವೋ ಎಂಬ ತೀರ್ಪು ಈಕ್ವಲ್ಸ್‌ನದು. ಈ ಕೆಲಸ ಹಂಚಿಕೆಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಮುಂದಿನ ಪ್ರಶ್ನೆಯ ತೊಡಕೆಲ್ಲ ಇದನ್ನು ಮರೆತದ್ದರಿಂದಲೇ ಹುಟ್ಟಿದೆ. ಒಂದೇ ಬಕೆಟ್‌ಗೆ ಬಿದ್ದವುಗಳನ್ನು ಸರಪಳಿಯಾಗಿ ಜೋಡಿಸುವ ಉಪಾಯ ಬಹಳ ಹಳೆಯದು. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1953ರಲ್ಲಿ ಬರೆದ ಒಂದು ಆಂತರಿಕ ಟಿಪ್ಪಣಿಯಲ್ಲಿಯೇ ಅದು ಕಾಣಿಸುತ್ತದೆ. 2014ರ ಜಾವಾ 8 ಇದಕ್ಕೆ ಒಂದು ಕಾವಲನ್ನು ಸೇರಿಸಿತು: ಒಂದು ಬಕೆಟ್‌ನ ಸರಪಳಿ 8ನ್ನು ಮೀರಿ ಬೆಳೆಯಹೊರಟರೆ, ಬಕೆಟ್‌ಗಳ ಒಟ್ಟು ಸಂಖ್ಯೆ ಕನಿಷ್ಠ 64 ಇದ್ದಲ್ಲಿ, ಆ ಸರಪಳಿಯನ್ನು ಸಮತೋಲಿತ ಮರವಾಗಿ, ಅಂದರೆ ಎಲ್ಲವನ್ನೂ ದಾಟದೆ ಕವಲು ಹಿಡಿದು ಬೇಗ ಹುಡುಕಬಹುದಾದ ರಚನೆಯಾಗಿ, ಬದಲಾಯಿಸಲಾಗುತ್ತದೆ.

ಇನ್ನು ಕನ್‌ಸ್ಟ್ರಕ್ಟರ್‌ಗೆ ಕೊಡುವ ಸಂಖ್ಯೆಯ ವಿಚಾರ. ನೀವು ಕೊಟ್ಟ 2,00,000 ಎಂಬುದು ಪದಗಳ ಸಂಖ್ಯೆಯಲ್ಲ, ಬಕೆಟ್‌ಗಳ ಸಂಖ್ಯೆ. ಹ್ಯಾಶ್‌ಸೆಟ್ ಅದನ್ನು ಎರಡರ ಘಾತಕ್ಕೆ ಏರಿಸಿ 2,62,144 ಬಕೆಟ್‌ಗಳನ್ನು ಇಟ್ಟುಕೊಳ್ಳುತ್ತದೆ. ಆದರೆ ಲೋಡ್ ಫ್ಯಾಕ್ಟರ್ ಎಂಬ ಇನ್ನೊಂದು ಅಂಶವಿದೆ, ಅದರ ಪೂರ್ವನಿಯೋಜಿತ ಬೆಲೆ 0.75. ಅಂದರೆ ಬಕೆಟ್‌ಗಳ ಸಂಖ್ಯೆಯ ಮುಕ್ಕಾಲು ಭಾಗವನ್ನು ಪದಗಳ ಸಂಖ್ಯೆ ಮೀರಿದ ಕೂಡಲೇ ಅರೇ ಇಮ್ಮಡಿಯಾಗಬೇಕು. 2,62,144ರ ಮುಕ್ಕಾಲು 1,96,608. ನಿಮ್ಮ ಪದಗಳು 2,00,000. ಆದ್ದರಿಂದ ನೀವು ಜಾಗವನ್ನು ಮುಂಗಡವಾಗಿ ಕಾದಿರಿಸಿದ್ದೇನೆ ಎಂದು ನಂಬಿದ್ದರೂ, ತುಂಬಿಸುವ ಕೆಲಸ ಇನ್ನೇನು ಮುಗಿಯಬೇಕೆನ್ನುವಾಗ, 1,96,609ನೆಯ ಪದ ಬಂದ ಗಳಿಗೆಯಲ್ಲಿ, ಅಷ್ಟೂ ಪದಗಳು 5,24,288 ಬಕೆಟ್‌ಗಳ ಹೊಸ ಅರೇಗೆ ಸ್ಥಳಾಂತರವಾಗುತ್ತವೆ. ಸರಿಯಾದ ಲೆಕ್ಕವೆಂದರೆ ಪದಗಳ ಸಂಖ್ಯೆಯನ್ನು 0.75ರಿಂದ ಭಾಗಿಸಿ ಕೊಡುವುದು, ಅಂದರೆ ಸುಮಾರು 2,66,667. 2022ರಲ್ಲಿ ಬಂದ ಜಾವಾ 19ರಿಂದ ಈಚೆಗೆ ‘ನ್ಯೂಹ್ಯಾಶ್‌ಸೆಟ್’ ಎಂಬ ಸ್ಟ್ಯಾಟಿಕ್ ಮೆಥಡ್ ಇದೆ. ಅದಕ್ಕೆ ಪದಗಳ ಸಂಖ್ಯೆಯನ್ನೇ ನೇರವಾಗಿ ಕೊಡಬಹುದು, ಭಾಗಾಕಾರವನ್ನು ಅದೇ ಮಾಡಿಕೊಳ್ಳುತ್ತದೆ. ಪದಗಳು ಈಗಾಗಲೇ ಒಂದು ಲಿಸ್ಟ್‌ನಲ್ಲಿದ್ದರೆ ಆ ಲಿಸ್ಟನ್ನೇ ಕನ್‌ಸ್ಟ್ರಕ್ಟರ್‌ಗೆ ಕೊಡಿ. ಅಲ್ಲಿಯೂ ಇದೇ ಲೆಕ್ಕ ಒಳಗೇ ನಡೆಯುತ್ತದೆ.

ಏನೂ ಕೊಡದಿದ್ದರೆ 16 ಬಕೆಟ್‌ಗಳಿಂದ ಆರಂಭವಾಗಿ, ನಿಮ್ಮ ಪದಗಳು ಮುಗಿಯುವಷ್ಟರಲ್ಲಿ ಅರೇ 15 ಬಾರಿ ಇಮ್ಮಡಿಯಾಗುತ್ತದೆ. ಇದನ್ನು ಕೇಳಿ ಗಾಬರಿಯಾಗಬೇಕಾಗಿಲ್ಲ. ಆ ಹದಿನೈದೂ ಸಲದ ಸ್ಥಳಾಂತರಗಳನ್ನು ಕೂಡಿಸಿದರೆ 4,00,000ಕ್ಕಿಂತ ಕಡಿಮೆ. ಪದವೊಂದಕ್ಕೆ ಸರಾಸರಿ ಎರಡೂ ಇಲ್ಲ. ಪ್ರತಿ ಪದದ ಹ್ಯಾಶ್ ಸಂಖ್ಯೆ ಅದರ ಜೊತೆಯಲ್ಲಿಯೇ ಬರೆದಿಟ್ಟಿರುವುದರಿಂದ ಮತ್ತೆ ಲೆಕ್ಕ ಹಾಕುವ ಕೆಲಸವೂ ಇಲ್ಲ. ನನ್ನ ಅಭಿಪ್ರಾಯದಲ್ಲಿ, ಸಂಖ್ಯೆ ಖಚಿತವಾಗಿ ಗೊತ್ತಿದ್ದಾಗ ಕೊಡುವುದು ಒಳ್ಳೆಯದು, ಗೊತ್ತಿಲ್ಲದಾಗ ಊಹಿಸಿ ದೊಡ್ಡ ಸಂಖ್ಯೆ ಕೊಡುವುದು ಒಳ್ಳೆಯದಲ್ಲ. ಸೆಟ್‌ನ ಎಲ್ಲ ಸದಸ್ಯರನ್ನು ಒಮ್ಮೆ ಸುತ್ತಿ ಬರಲು ಖಾಲಿ ಬಕೆಟ್‌ಗಳನ್ನೂ ಒಂದೊಂದಾಗಿ ನೋಡಲೇಬೇಕಾಗುತ್ತದೆ. ನೂರು ಪದಗಳಿಗೆ ಹತ್ತು ಲಕ್ಷ ಬಕೆಟ್ ಇಟ್ಟರೆ ಪ್ರತಿ ಸುತ್ತಿಗೂ ಆ ಹತ್ತು ಲಕ್ಷದ ದಂಡವನ್ನು ತೆರಬೇಕು. ‘ಕ್ಲಿಯರ್’ ಮಾಡಿದರೆ ಪದಗಳು ಹೋಗುತ್ತವೆಯೇ ಹೊರತು ಅರೇ ಕುಗ್ಗುವುದಿಲ್ಲ ಎಂಬುದೂ ನೆನಪಿರಲಿ. ಲೋಡ್ ಫ್ಯಾಕ್ಟರನ್ನು ಬದಲಾಯಿಸುವ ಕನ್‌ಸ್ಟ್ರಕ್ಟರ್ ಕೂಡ ಇದೆ, ಆದರೆ ಅಳೆದು ನೋಡಿದ ಕಾರಣವಿಲ್ಲದೆ 0.75ನ್ನು ಮುಟ್ಟಬೇಡಿ.

ಪ್ರಶ್ನೆ: ‘ಪುಸ್ತಕ’ ಎಂಬ ಕ್ಲಾಸ್ ಬರೆದು ಅದರ ಆಬ್ಜೆಕ್ಟ್‌ಗಳನ್ನು ಹ್ಯಾಶ್‌ಸೆಟ್‌ಗೆ ಸೇರಿಸುತ್ತಿದ್ದೇನೆ. ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಎರಡನ್ನೂ ಶೀರ್ಷಿಕೆಯ ಆಧಾರದ ಮೇಲೆ ಬರೆದಿದ್ದೇನೆ. ಫಾರ್ ಲೂಪ್‌ನಲ್ಲಿ ಮುದ್ರಿಸಿದರೆ ಪುಸ್ತಕ ಕಾಣಿಸುತ್ತದೆ. ಆದರೆ ಅದೇ ಆಬ್ಜೆಕ್ಟನ್ನು ಕೊಟ್ಟು ‘ಕಂಟೇನ್ಸ್’ ಎಂದು ಕೇಳಿದರೆ ‘ಫಾಲ್ಸ್’ ಬರುತ್ತದೆ. ‘ರಿಮೂವ್’ ಕೂಡ ಕೆಲಸ ಮಾಡುತ್ತಿಲ್ಲ. ಇದು ಜಾವಾದ ದೋಷವೆ?

ಉತ್ತರ: ಜಾವಾದ ದೋಷವಲ್ಲ. ನಿಮ್ಮ ಬೇಸರ ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹಲವು ವರ್ಷಗಳ ಹಿಂದೆ ನಾನೂ ಇದೇ ತೊಡಕಿನ ಬೆನ್ನು ಹತ್ತಿ ಎರಡು ದಿನ ಕಳೆದಿದ್ದೇನೆ. ನಿಮ್ಮ ಕೋಡ್‌ನಲ್ಲಿ ಪುಸ್ತಕವನ್ನು ಸೆಟ್‌ಗೆ ಸೇರಿಸಿದ ಸಾಲಿಗೂ ಕಂಟೇನ್ಸ್ ಎಂದು ಕೇಳಿದ ಸಾಲಿಗೂ ನಡುವೆ ಎಲ್ಲೋ ಶೀರ್ಷಿಕೆಯನ್ನು ತಿದ್ದುವ ಸಾಲೊಂದು ಇರಲೇಬೇಕು. ಹುಡುಕಿ ನೋಡಿ.

ಮೇಲಿನ ಲೆಕ್ಕವನ್ನೇ ಇಲ್ಲಿಯೂ ಬಳಸೋಣ. 16 ಬಕೆಟ್‌ಗಳ ಸೆಟ್; ಪುಸ್ತಕದ ಹ್ಯಾಶ್‌ಕೋಡ್ ಎಂದರೆ ಅದರ ಶೀರ್ಷಿಕೆಯ ಹ್ಯಾಶ್‌ಕೋಡ್. ಶೀರ್ಷಿಕೆ ತಪ್ಪಾಗಿ ‘ಮನದ’ ಎಂದು ನಮೂದಾಗಿದ್ದ ಪುಸ್ತಕವೊಂದನ್ನು ಸೇರಿಸಿದಿರಿ. ಅದು 13ನೆಯ ಬಕೆಟ್‌ಗೆ ಹೋಯಿತು, ಜೊತೆಗೆ 32,23,084ರಿಂದ ಬಂದ ಹ್ಯಾಶ್ ಸಂಖ್ಯೆಯೂ ಅಲ್ಲಿ ದಾಖಲಾಯಿತು. ಆಮೇಲೆ ಶೀರ್ಷಿಕೆಯನ್ನು ‘ಮನ’ ಎಂದು ತಿದ್ದಿದಿರಿ. ಈ ತಿದ್ದುಪಡಿಯ ಸುದ್ದಿ ಸೆಟ್‌ಗೆ ತಲುಪುವುದಿಲ್ಲ, ತಲುಪುವ ಮಾರ್ಗವೇ ಇಲ್ಲ. ಈಗ ಅದೇ ಆಬ್ಜೆಕ್ಟನ್ನು ಕೊಟ್ಟು ‘ಇದು ಇದೆಯೆ?’ ಎಂದು ಕೇಳಿದರೆ ಹೊಸ ಹ್ಯಾಶ್‌ಕೋಡ್ 1,03,866 ಆಗಿರುವುದರಿಂದ ಸೆಟ್ ಹೋಗಿ ನೋಡುವುದು 11ನೆಯ ಬಕೆಟ್‌ನಲ್ಲಿ. ಅಲ್ಲಿ ಏನೂ ಇಲ್ಲ. ಫಾಲ್ಸ್. ಹಾಗಾದರೆ ಹಳೆಯ ಹೆಸರಿನಿಂದಲಾದರೂ ಸಿಗಬಹುದೆ ಎಂದು ‘ಮನದ’ ಶೀರ್ಷಿಕೆಯ ಇನ್ನೊಂದು ಆಬ್ಜೆಕ್ಟ್ ಮಾಡಿ ಕೇಳಿದರೆ, ಸೆಟ್ ಸರಿಯಾಗಿಯೇ 13ನೆಯ ಬಕೆಟ್‌ಗೆ ಹೋಗುತ್ತದೆ, ದಾಖಲಾದ ಹ್ಯಾಶ್ ಸಂಖ್ಯೆಯೂ ಹೊಂದುತ್ತದೆ, ಆದರೆ ಅಲ್ಲಿರುವ ಪುಸ್ತಕದ ಶೀರ್ಷಿಕೆ ಈಗ ‘ಮನ’ ಆದ್ದರಿಂದ ಈಕ್ವಲ್ಸ್ ‘ಅಲ್ಲ’ ಎನ್ನುತ್ತದೆ. ಹೊಸ ಹೆಸರಿಗೂ ಇಲ್ಲ, ಹಳೆಯ ಹೆಸರಿಗೂ ಇಲ್ಲ. ಫಾರ್ ಲೂಪ್ ಮಾತ್ರ ಹ್ಯಾಶ್‌ನ ಗೊಡವೆಗೆ ಹೋಗದೆ ಮೊದಲ ಬಕೆಟ್‌ನಿಂದ ಕೊನೆಯ ಬಕೆಟ್‌ವರೆಗೆ ನಡೆದುಹೋಗುವುದರಿಂದ ಅದಕ್ಕೆ ಪುಸ್ತಕ ಕಾಣಿಸುತ್ತದೆ. ಅದೇ ಪುಸ್ತಕವನ್ನು ಇನ್ನೊಮ್ಮೆ ಸೇರಿಸಿ ನೋಡಿ: 11ನೆಯ ಬಕೆಟ್ ಖಾಲಿ ಇರುವುದರಿಂದ ಸೆಟ್ ಸಂತೋಷವಾಗಿ ಸೇರಿಸಿಕೊಳ್ಳುತ್ತದೆ, ಒಂದೇ ಆಬ್ಜೆಕ್ಟ್ ಎರಡು ಕಡೆ ಕುಳಿತು ಸೆಟ್‌ನ ಗಾತ್ರ 2 ಎಂದು ತೋರಿಸುತ್ತದೆ. ಸೆಟ್ ಎಂಬ ಹೆಸರಿಗೇ ಇದು ವಿರೋಧ.

ಮುಂದೆ ಅರೇ ಇಮ್ಮಡಿಯಾದಾಗ ತಾನಾಗಿ ಸರಿಹೋದೀತು ಎಂದೂ ಕಾಯಬೇಡಿ; ಆಗ ಬಳಕೆಯಾಗುವುದು ಮೊದಲೇ ದಾಖಲಾದ ಹಳೆಯ ಹ್ಯಾಶ್ ಸಂಖ್ಯೆಯೇ. ತಾತ್ಕಾಲಿಕ ಉಪಾಯವೆಂದರೆ ಹಳೆಯ ಸೆಟ್ಟನ್ನು ಕನ್‌ಸ್ಟ್ರಕ್ಟರ್‌ಗೆ ಕೊಟ್ಟು ಹೊಸ ಹ್ಯಾಶ್‌ಸೆಟ್ ಕಟ್ಟುವುದು. ಅಲ್ಲಿ ಪ್ರತಿಯೊಂದರ ಹ್ಯಾಶ್ ಹೊಸದಾಗಿ ಲೆಕ್ಕವಾಗುತ್ತದೆ. ಶಾಶ್ವತ ಪರಿಹಾರವಿರುವುದು ಕ್ಲಾಸ್‌ನಲ್ಲಿ. ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ನೋಡುವ ಫೀಲ್ಡ್‌ಗಳೆಲ್ಲ ‘ಫೈನಲ್’ ಆಗಿರಲಿ, ಒಮ್ಮೆ ಕೊಟ್ಟ ಮೇಲೆ ಬದಲಾಗದಿರಲಿ. ಬದಲಾಯಿಸಲೇಬೇಕಾದ ಸಂದರ್ಭದಲ್ಲಿ ಮೊದಲು ಸೆಟ್‌ನಿಂದ ತೆಗೆಯಿರಿ, ತಿದ್ದಿರಿ, ಆಮೇಲೆ ಮತ್ತೆ ಸೇರಿಸಿರಿ. ಈ ಕ್ರಮ ತಪ್ಪಬಾರದು. 2021ರ ಜಾವಾ 16ರಿಂದ ಪೂರ್ಣ ಪ್ರಮಾಣದಲ್ಲಿ ದೊರೆತ ‘ರೆಕಾರ್ಡ್’ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಫೀಲ್ಡ್‌ಗಳು ತಾವಾಗಿಯೇ ಫೈನಲ್, ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಎರಡೂ ಎಲ್ಲ ಫೀಲ್ಡ್‌ಗಳನ್ನು ಆಧರಿಸಿ ತಾವಾಗಿಯೇ ಸಿದ್ಧವಾಗುತ್ತವೆ. ಆದರೆ ರೆಕಾರ್ಡ್‌ನ ಒಳಗೆ ಅರೇ ಇರಿಸಬೇಡಿ; ಒಂದೇ ರೀತಿಯ ಸಂಖ್ಯೆಗಳಿರುವ ಎರಡು ಅರೇಗಳನ್ನು ಜಾವಾ ಎರಡು ಬೇರೆ ವಸ್ತುಗಳೆಂದೇ ಎಣಿಸುತ್ತದೆ.

ಇದೇ ಲಕ್ಷಣವನ್ನು ತೋರಿಸುವ ಇನ್ನೆರಡು ತಪ್ಪುಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಈಕ್ವಲ್ಸ್ ಮಾತ್ರ ಬರೆದು ಹ್ಯಾಶ್‌ಕೋಡ್ ಬರೆಯದೆ ಬಿಟ್ಟರೆ, ಒಂದೇ ಶೀರ್ಷಿಕೆಯ ಎರಡು ಆಬ್ಜೆಕ್ಟ್‌ಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಹ್ಯಾಶ್ ಬರುತ್ತದೆ, ಆಗ ಈಕ್ವಲ್ಸ್‌ನ ತೀರ್ಪು ಕೇಳುವ ಸಂದರ್ಭವೇ ಒದಗುವುದಿಲ್ಲ. ಈಕ್ವಲ್ಸ್‌ನ ಪ್ಯಾರಾಮೀಟರ್ ‘ಆಬ್ಜೆಕ್ಟ್’ ಆಗಿರದೆ ‘ಪುಸ್ತಕ’ ಆಗಿದ್ದರೆ ಅದು ಬೇರೆಯೇ ಒಂದು ಮೆಥಡ್ ಆಗುತ್ತದೆ, ಸೆಟ್ ಅದನ್ನು ಎಂದೂ ಕರೆಯುವುದಿಲ್ಲ. ಮೆಥಡ್‌ನ ಮೇಲೆ ‘ಓವರ್‌ರೈಡ್’ ಎಂಬ ಅನೋಟೇಶನ್ ಬರೆಯುವ ಅಭ್ಯಾಸವಿದ್ದರೆ ಈ ಎರಡನೆಯ ತಪ್ಪನ್ನು ಕಂಪೈಲರ್ ಹಿಡಿದುಕೊಡುತ್ತದೆ.

ಪೈಥಾನ್ ಈ ವಿಷಯದಲ್ಲಿ ಕಟ್ಟುನಿಟ್ಟಾದ ನಿಲುವು ತಳೆದಿದೆ, ನನಗೆ ಅದು ಇಷ್ಟ. ಅಲ್ಲಿ ಬದಲಾಗಬಲ್ಲ ಲಿಸ್ಟ್ ಒಂದನ್ನು ಸೆಟ್‌ಗೆ ಸೇರಿಸಹೊರಟರೆ ‘ಟೈಪ್ ಎರರ್’ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕ್ಲಾಸ್‌ನಲ್ಲಿ ಸಮಾನತೆಯ ಮೆಥಡ್ ಮಾತ್ರ ಬರೆದು ಹ್ಯಾಶ್‌ನ ಮೆಥಡ್ ಬರೆಯದಿದ್ದರೆ ಆ ಕ್ಲಾಸ್‌ನ ಆಬ್ಜೆಕ್ಟ್‌ಗಳಿಗೂ ಸೆಟ್‌ನೊಳಗೆ ಪ್ರವೇಶವಿಲ್ಲ. ತಪ್ಪು ನಡೆದ ಸಾಲಿನಲ್ಲಿಯೇ ತಪ್ಪು ಗೊತ್ತಾಗುವುದು ಎಷ್ಟೊಂದು ದಿನಗಳನ್ನು ಉಳಿಸುತ್ತದೆ ಎಂಬುದು ನಿಮಗೀಗ ತಿಳಿದಿದೆ.

ಪ್ರಶ್ನೆ: ಪೈಥಾನ್‌ನಲ್ಲಿ ಬೇರೆ ಬೇರೆ ಫೈಲ್‌ಗಳಿಂದ ಪದಗಳನ್ನು ಓದಿ ಸೆಟ್ ಮಾಡಿದ್ದೇನೆ. ಸೆಟ್‌ನಲ್ಲಿ ಒಂದು ವಸ್ತು ಒಂದೇ ಬಾರಿ ಇರಬೇಕಲ್ಲವೆ? ಆದರೆ ‘ಭೇದ’ದಂಥ ಕೆಲವು ಪದಗಳು ಎರಡೆರಡು ಬಾರಿ ಕಾಣಿಸುತ್ತಿವೆ. ಅಕ್ಷರ ಅಕ್ಷರ ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ.

ಉತ್ತರ: ಕಣ್ಣಿಗೆ ಕಾಣದ ವ್ಯತ್ಯಾಸ ಅಲ್ಲಿದೆ. ಏತ್ವದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎತ್ವದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿ. ಮೊದಲನೆಯ ರೀತಿಯಲ್ಲಿ ‘ಭೇದ’ ಮೂರು ಸಂಕೇತ, ಎರಡನೆಯದರಲ್ಲಿ ನಾಲ್ಕು. ಪರದೆಯ ಮೇಲೆ ಎರಡೂ ಒಂದೇ ಆಕಾರದಲ್ಲಿ ಮೂಡುತ್ತವೆ, ಆದರೆ ಸೆಟ್ ನೋಡುವುದು ಆಕಾರವನ್ನಲ್ಲ, ಸಂಕೇತಗಳನ್ನು. ಈತ್ವ, ಐತ್ವ, ಒತ್ವ, ಓತ್ವಗಳಿಗೂ ಇದೇ ಇಬ್ಬಗೆ ಉಂಟು. ಒಂದನ್ನೊಂದು ಕಾಣದ ಹಲವು ಮೂಲಗಳಿಂದ ಕನ್ನಡ ಪಠ್ಯವನ್ನು ಕಲೆಹಾಕುವ ಯಾರಿಗಾದರೂ ಇದು ಎದುರಾಗುತ್ತದೆ.

ಯುನಿಕೋಡ್‌ನಲ್ಲಿ ಇದಕ್ಕೆಂದೇ ‘ಎನ್‌ಎಫ್‌ಸಿ’ ಎಂಬ ಪ್ರಮಾಣೀಕೃತ ರೂಪವಿದೆ. ಪೈಥಾನ್‌ನ ‘ಯುನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿರುವ ‘ನಾರ್ಮಲೈಸ್’ ಫಂಕ್ಷನ್‌ನಿಂದ (ಜಾವಾದಲ್ಲಾದರೆ ‘ನಾರ್ಮಲೈಸರ್’ ಕ್ಲಾಸ್‌ನಿಂದ) ಪ್ರತಿ ಪದವನ್ನೂ ಆ ರೂಪಕ್ಕೆ ತಂದು ಆಮೇಲೆ ಸೆಟ್‌ಗೆ ಸೇರಿಸಿ. ಹುಡುಕುವಾಗಲೂ ಹುಡುಕುವ ಪದವನ್ನು ಹಾಗೆಯೇ ಮಾಡಿಕೊಳ್ಳಿ. ಒಂದು ಕಡೆ ಮಾಡಿ ಇನ್ನೊಂದು ಕಡೆ ಮರೆತರೆ ತೊಂದರೆ ಹಾಗೇ ಉಳಿಯುತ್ತದೆ. ಅರ್ಕಾವೊತ್ತು ಮುಂತಾದ ಕಡೆ ಬಳಸುವ ಅಗಲವಿಲ್ಲದ ಕೂಡಿಸುವ ಮತ್ತು ಬಿಡಿಸುವ ಸಂಕೇತಗಳನ್ನು ಎನ್‌ಎಫ್‌ಸಿ ತೆಗೆದುಹಾಕುವುದಿಲ್ಲ. ಅವನ್ನು ಉಳಿಸಬೇಕೋ ತೆಗೆಯಬೇಕೋ ಎಂಬುದನ್ನು ನೀವೇ ನಿರ್ಧರಿಸಬೇಕು, ಏಕೆಂದರೆ ಯಾವ ಎರಡು ಪದಗಳು ‘ಒಂದೇ’ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೆಲಸವನ್ನು ಅವಲಂಬಿಸಿದೆ. ಪೈಥಾನ್‌ಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಪೈಥಾನ್ ತನ್ನದೇ ನಿಯಮಗಳನ್ನು ಪಾಲಿಸುತ್ತದೆ: 1, 1.0 ಮತ್ತು ‘ಟ್ರೂ’ ಮೂರನ್ನೂ ಒಂದು ಸೆಟ್‌ಗೆ ಹಾಕಿದರೆ, ಮೂರೂ ಸಮಾನವೆಂದು ಅದು ಎಣಿಸುವುದರಿಂದ, ಉಳಿಯುವುದು ಒಂದೇ.

ನಿಮ್ಮ ಪತ್ರದ ಜೊತೆಗಿದ್ದ ಕೋಡ್‌ನಲ್ಲಿ ಇನ್ನೆರಡು ವಿಷಯ ಕಂಡೆ. ಖಾಲಿ ಸೆಟ್‌ಗೆಂದು ಖಾಲಿ ಪುಷ್ಪಾವರಣವನ್ನು ({}) ಬರೆದಿದ್ದೀರಿ. ಪೈಥಾನ್‌ನಲ್ಲಿ ಅದು ಸೆಟ್ ಅಲ್ಲ, ಡಿಕ್ಷನರಿ (ಪ್ರತಿ ಕೀಗೆ ಒಂದು ಬೆಲೆಯನ್ನು ಜೋಡಿಸಿಡುವ ಸಂಗ್ರಹ). ಖಾಲಿ ಸೆಟ್ ಬೇಕಿದ್ದರೆ ‘ಸೆಟ್’ ಎಂದು ಬರೆದು ಮುಂದೆ ಖಾಲಿ ದುಂಡು ಆವರಣ ಹಾಕಬೇಕು. ಆ ದುಂಡು ಆವರಣದೊಳಗೆ ‘ಭೇದ’ ಎಂಬ ಸ್ಟ್ರಿಂಗನ್ನು ನೇರವಾಗಿ ಕೊಟ್ಟರೆ ಸಿಗುವುದು ಒಂದು ಪದದ ಸೆಟ್ ಅಲ್ಲ. ಭ, ಏತ್ವದ ಚಿಹ್ನೆ, ದ ಎಂಬ ಮೂರು ತುಂಡುಗಳ ಸೆಟ್. ಪದವನ್ನು ಇಡಿಯಾಗಿ ಇರಿಸಲು ಅದನ್ನು ಪುಷ್ಪಾವರಣದೊಳಗೆ ಬರೆಯಿರಿ, ಇಲ್ಲವೆ ಲಿಸ್ಟ್‌ನಲ್ಲಿಟ್ಟು ಕೊಡಿ.

ಪ್ರಶ್ನೆ: ಅದೇ ಪ್ರೋಗ್ರಾಂ ಅನ್ನು ಮತ್ತೆ ಮತ್ತೆ ನಡೆಸಿದರೆ ಪೈಥಾನ್ ಸೆಟ್‌ನಲ್ಲಿರುವ ಪದಗಳ ಕ್ರಮ ಪ್ರತಿ ಬಾರಿಯೂ ಬದಲಾಗುತ್ತದೆ. ಜಾವಾದಲ್ಲಿ ಹಾಗಾಗುವುದಿಲ್ಲ. ಏಕೆ?

ಉತ್ತರ: ಪೈಥಾನ್‌ನಲ್ಲಿ ಇದನ್ನು ಉದ್ದೇಶಪೂರ್ವಕವಾಗಿಯೇ ಮಾಡಲಾಗಿದೆ. ‘ಭೇದ’ ಮತ್ತು ‘ಮನದ’ದಂತೆ ಒಂದೇ ಹ್ಯಾಶ್ ಬರುವ ಸಾವಿರಾರು ಸ್ಟ್ರಿಂಗ್‌ಗಳನ್ನು ಬೇಕೆಂದೇ ಲೆಕ್ಕ ಹಾಕಿ ತಯಾರಿಸಿ ಒಂದು ಸರ್ವರ್‌ಗೆ ಕಳುಹಿಸಿದರೆ, ಪ್ರತಿ ಹೊಸ ಸ್ಟ್ರಿಂಗ್ ಕೂಡ ಹಿಂದಿನ ಎಲ್ಲವನ್ನೂ ದಾಟಿ ಹೋಗಬೇಕಾಗಿ ಸರ್ವರ್ ಸ್ತಬ್ಧವಾಗಬಹುದು. ಇಂಥ ದಾಳಿಯ ಸಾಧ್ಯತೆಯನ್ನು ಸಂಶೋಧಕರು 2003ರಲ್ಲಿಯೇ ವಿವರಿಸಿದ್ದರೂ, 2011ರ ಡಿಸೆಂಬರ್‌ನಲ್ಲಿ ಹಲವು ಭಾಷೆಗಳ ಮೇಲೆ ಅದನ್ನು ಪ್ರಯೋಗಿಸಿ ತೋರಿಸಿದ ನಂತರವೇ ಎಲ್ಲರೂ ಎಚ್ಚೆತ್ತುಕೊಂಡರು. 2012ರ ಪೈಥಾನ್ 3.3ರಿಂದ ಪ್ರತಿ ಬಾರಿ ಪ್ರೋಗ್ರಾಂ ಆರಂಭವಾದಾಗಲೂ ಸ್ಟ್ರಿಂಗ್‌ಗಳ ಹ್ಯಾಶ್‌ಗೆ ಗುಟ್ಟಾದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸಲಾಗುತ್ತದೆ. ಆದ್ದರಿಂದ ಯಾವ ಸ್ಟ್ರಿಂಗ್‌ಗಳಿಗೆ ಒಂದೇ ಹ್ಯಾಶ್ ಬರುತ್ತದೆ ಎಂಬುದನ್ನು ಹೊರಗಿನವರು ಮುಂಚಿತವಾಗಿ ಲೆಕ್ಕ ಹಾಕಲಾರರು. ಕ್ರಮ ಬದಲಾಗುವುದು ಅದರ ಪರಿಣಾಮ. ಪರೀಕ್ಷೆಗಾಗಿ ಕ್ರಮ ಸ್ಥಿರವಾಗಿರಬೇಕೆಂದರೆ ‘ಪೈಥಾನ್‌ಹ್ಯಾಶ್‌ಸೀಡ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಒಂದು ನಿರ್ದಿಷ್ಟ ಸಂಖ್ಯೆ ಕೊಡಬಹುದು.

ಜಾವಾದಲ್ಲಿ ಸ್ಟ್ರಿಂಗ್‌ನ ಹ್ಯಾಶ್ ಸೂತ್ರವನ್ನು ಭಾಷೆಯ ದಾಖಲೆಯಲ್ಲಿಯೇ ಬರೆದು ಬದ್ಧಗೊಳಿಸಿರುವುದರಿಂದ ಅದನ್ನು ಬದಲಾಯಿಸುವಂತಿಲ್ಲ. ಅಲ್ಲಿ ರಕ್ಷಣೆ ಸಿಗುವುದು ಮೊದಲ ಉತ್ತರದಲ್ಲಿ ಹೇಳಿದ ಮರದ ಏರ್ಪಾಡಿನಿಂದ. ಹೀಗಾಗಿ ಹ್ಯಾಶ್‌ಸೆಟ್‌ನ ಕ್ರಮ ಸ್ಥಿರವಾಗಿರುವಂತೆ ತೋರುತ್ತದೆ, ಆದರೆ ಅರೇ ಇಮ್ಮಡಿಯಾದರೆ ಅದೂ ಬದಲಾಗುತ್ತದೆ. 2017ರ ಜಾವಾ 9ರಲ್ಲಿ ಬಂದ, ಬದಲಾಯಿಸಲಾಗದ ಸೆಟ್ ಕಟ್ಟಿಕೊಡುವ ‘ಸೆಟ್.ಆಫ್’ ಅಂತೂ ಪ್ರತಿ ಬಾರಿಯೂ ಕ್ರಮವನ್ನು ಬೇಕೆಂದೇ ಕಲಸುತ್ತದೆ. ಅದರ ಇನ್ನೊಂದು ಸ್ವಭಾವ ತಿಳಿದಿರಲಿ: ಒಂದೇ ಪದವನ್ನು ಎರಡು ಬಾರಿ ಕೊಟ್ಟರೆ ಹ್ಯಾಶ್‌ಸೆಟ್‌ನಂತೆ ಸುಮ್ಮನೆ ಒಂದನ್ನು ಬಿಡುವುದಿಲ್ಲ, ‘ಇಲ್ಲೀಗಲ್ ಆರ್ಗ್ಯುಮೆಂಟ್’ ಎಂಬ ಎಕ್ಸೆಪ್ಷನ್ ಎಸೆಯುತ್ತದೆ. ಪಟ್ಟಿಯಲ್ಲಿ ಪುನರುಕ್ತಿ ಇರಬಹುದಾದರೆ ಜಾವಾ 10ರ ‘ಸೆಟ್.ಕಾಪಿಆಫ್’ ಬಳಸಿ. ಸೇರಿಸಿದ ಕ್ರಮವೇ ಉಳಿಯಬೇಕೆಂದರೆ ಜಾವಾದಲ್ಲಿ ‘ಲಿಂಕ್ಡ್‌ಹ್ಯಾಶ್‌ಸೆಟ್’ ಇದೆ. ಪೈಥಾನ್‌ನಲ್ಲಿ ಸೆಟ್‌ಗೆ ಅಂಥ ಜೊತೆಗಾರನಿಲ್ಲ, ಆದರೆ 3.7ರಿಂದ ಈಚೆಗೆ ಡಿಕ್ಷನರಿ ಸೇರಿಸಿದ ಕ್ರಮವನ್ನು ಉಳಿಸಿಕೊಳ್ಳುವ ಭರವಸೆ ಕೊಡುವುದರಿಂದ, ಪದಗಳನ್ನು ಡಿಕ್ಷನರಿಯ ಕೀಗಳಾಗಿ ಇರಿಸಿದರೆ ನಿಮ್ಮ ಕೆಲಸ ನಡೆಯುತ್ತದೆ.